ಇಳಿಯುವ ಸೈಕಲ್ಲೂ ಹತ್ತುವ ರಾಯರೂ

ನಗರಸಭೆಯ ಕಚೇರಿಯಲ್ಲಿ ಅರ್ಜಿ ಪರಿಶೀಲಿಸುವ ಮೇಜಿನ ಹಿಂದೆ ಇಪ್ಪತ್ತೆರಡು ವರ್ಷಗಳಿಂದ ಕೂತಿದ್ದವರನ್ನು ಊರೆಲ್ಲ ಕಾಲಂ ರಾಯರು ಎಂದು ಕರೆಯುತ್ತಿತ್ತು. ಒಂದೇ ಒಂದು ಕಾಲಂ ಖಾಲಿ ಇರುವ ಅರ್ಜಿಯೂ ಆ ಮೇಜನ್ನು ದಾಟಿ ಮುಂದೆ ಹೋದ ದಾಖಲೆ ಇಲ್ಲ. "ಅನ್ವಯಿಸುವುದಿಲ್ಲ" ಎಂದು ಬರೆದು ನುಣುಚಿಕೊಳ್ಳುವವರನ್ನು ಕಂಡರಂತೂ ರಾಯರಿಗೆ ಮೈಯೆಲ್ಲ ಉರಿ. ಚಹಾದಂಗಡಿಯ ಪರವಾನಗಿಗೆ ಬಂದಾಕೆ "ಹಿಂದಿನ ಅನುಭವ" ಎಂಬಲ್ಲಿ ಏನೂ ಬರೆಯದೆ ಕೈ ಹಿಸುಕಿಕೊಂಡು ನಿಂತರೆ, ರಾಯರು ಆಕೆಯನ್ನು ಕೂರಿಸಿ ಕೇಳುತ್ತಿದ್ದರು: "ಮನೇಲಿ ಚಹಾ ಮಾಡಿಲ್ವಾ ತಾಯಿ? ಎಷ್ಟು ವರ್ಷದಿಂದ? ಮೂವತ್ತಾ? ಹಾಗಿದ್ರೆ ಬರೀರಿ, ಮೂವತ್ತು ವರ್ಷ! ಬದುಕಿರೋ ಮನುಷ್ಯರಿಗೆ ಅನ್ವಯಿಸದೇ ಇರೋ ಪ್ರಶ್ನೆ ಅಂತ ಒಂದಿದೆಯಾ? ಯೋಚನೆ ಮಾಡಿದ್ರೆ ಏನಾದ್ರೂ ಇದ್ದೇ ಇರುತ್ತೆ."

ಇಂಥ ಮನುಷ್ಯನನ್ನು ಊರು ಗೌರವಿಸುತ್ತಿತ್ತು. ಗೌರವಿಸದೇ ಇದ್ದವರು ಒಬ್ಬರೇ, ಅವರ ಮಾವ.

ಮಾವನವರು ನಿವೃತ್ತ ಡ್ರಿಲ್ ಮಾಸ್ತರರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಅವರ ಕೊರಳಲ್ಲಿ ಸೀಟಿ ತೂಗುತ್ತಲೇ ಇತ್ತು. ಹೆಣ್ಣು ನೋಡಲು ಬಂದ ದಿನ ರಾಯರು ಮೂರು ಗಂಟೆಯ ಕಾಲ ಒಂದೇ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದರು. ಮನೆಯವರೆಲ್ಲ ಅದನ್ನು ವಿನಯ ಎಂದುಕೊಂಡರು, ಮಾಸ್ತರರು ಮಾತ್ರ ಜಡತನ ಎಂದುಕೊಂಡರು. ಮದುವೆಯೇನೋ ಆಯಿತು. ಆದರೆ ಬೇರೆ ಮಾವಂದಿರು "ಅಳಿಯಂದಿರೇ" ಎಂದು ಬಾಯಿ ತುಂಬ ಕರೆಯುವ ಕಡೆ ಈ ಮಾವ ಹದಿನೆಂಟು ವರ್ಷಗಳಿಂದ ಒಂದೇ ಒಂದು ಪದ ಬಳಸುತ್ತಿದ್ದರು. "ಏನಂತಾನೆ ನಿನ್ನ ಕುರ್ಚಿ?" ಎಂದು ಮಗಳನ್ನು ಕೇಳುತ್ತಿದ್ದರು.

ರಾಯರಿಗೆ ಇದು ಚುಚ್ಚುತ್ತಿತ್ತು, ಬಹಳ ಚುಚ್ಚುತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ ಅಷ್ಟೆ.

ಹೀಗಿರುವಾಗ ಮಾವನವರ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಮಗಳ ಊರಿನ ಆಸ್ಪತ್ರೆಯೇ ಆದೀತು, ದಿನ ಸಿಗುವವರೆಗೆ ಅಲ್ಲೇ ಇರುವುದು ಎಂದು ತೀರ್ಮಾನವಾಯಿತು. ಹೊರಡುವ ಮುಂಚೆ ಅವರು ಫೋನು ಮಾಡಿದರು.

"ಕುರ್ಚಿ ಇನ್ನೂ ಸಂಜೆ ಬಸ್ಸಲ್ಲೇ ಮನೆಗೆ ಬರೋದಾ? ಅಷ್ಟೊಂದು ಗುಡ್ಡ ಇರೋ ಊರಲ್ಲಿ ಇದ್ಕೊಂಡು?"

ಹೆಂಡತಿ ಉತ್ತರ ಹುಡುಕುತ್ತಿದ್ದಳು. ರಾಯರಿಗೆ ಅದೇನಾಯಿತೋ, ಫೋನನ್ನು ಆಕೆಯ ಕೈಯಿಂದ ಕಿತ್ತುಕೊಂಡು ಹೇಳಿಬಿಟ್ಟರು: "ಬಸ್ ಬಿಟ್ಟು ತುಂಬಾ ದಿನ ಆಯ್ತು ಮಾವ. ಬೆಟ್ಟದ ಸೈಕಲ್ ತಗೊಂಡಿದೀನಿ."

ಆ ಕಡೆಯಿಂದ ಪ್ರಶ್ನೆ ಬಂತು. "ಯಾವ ಬಗೇದು?"

ಬೆಟ್ಟದ ಸೈಕಲ್ಲಿನಲ್ಲಿ ಬಗೆಗಳಿವೆ ಎಂಬುದೇ ರಾಯರಿಗೆ ಗೊತ್ತಿರಲಿಲ್ಲ. ಅವರು "ಬಂದ್ಮೇಲೆ ನೋಡಿ" ಎಂದು ಫೋನು ಇಟ್ಟುಬಿಟ್ಟರು. ಪೊರೆ ಬಂದವರಿಗೆ ಹೇಳುವ ಮಾತೇ ಇದು? ಹೆಂಡತಿ ಗಂಡನ ಮುಖವನ್ನೇ ನೋಡಿದಳು. "ರೀ, ನೀವು ಸೈಕಲ್ ಹತ್ತಿ ಎಷ್ಟು ವರ್ಷ ಆಯ್ತು?" ಎಂದಳು. ರಾಯರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಊರಿನಲ್ಲಿ ಅಂಥ ಸೈಕಲ್ಲಿನ ಅಂಗಡಿ ಒಂದೇ. ಅದನ್ನು ನಡೆಸುತ್ತಿದ್ದವಳನ್ನು ಎಲ್ಲರೂ ಸೈಕಲ್ ಅಕ್ಕ ಅನ್ನುತ್ತಿದ್ದರು. ಮೊಣಕೈವರೆಗೆ ಗ್ರೀಸು, ಕಿವಿಯ ಹಿಂದೆ ಪೆನ್ಸಿಲ್ಲು, ಕೈಯಲ್ಲಿ ಸ್ಪ್ಯಾನರು. ಆಕೆ ಮಾರುವವಳಲ್ಲ, ಕೊಡುವವಳು. ಕೊಳ್ಳಲು ಬಂದವನ ಸವಾರಿಗೂ ಕೇಳಿದ ಸೈಕಲ್ಲಿಗೂ ಹೊಂದದಿದ್ದರೆ ಮುಖದ ಮೇಲೆ ಹೇಳಿ ಕಳಿಸುತ್ತಿದ್ದಳು. ತನ್ನ ಕೆಲಸವನ್ನು ಅಷ್ಟು ಗಂಭೀರವಾಗಿ ಹಿಡಿದವರು ಆ ಊರಿನಲ್ಲಿ ಇನ್ನೊಬ್ಬರೇ ಇದ್ದದ್ದು, ಅವರೀಗ ಆಕೆಯ ಎದುರಿಗೇ ನಿಂತಿದ್ದರು.

"ನೋಡಿ ಸರ್," ಎಂದಳು ಅಕ್ಕ, ಗೋಡೆಗೆ ನೇತುಹಾಕಿದ್ದ ಸೈಕಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತ. "ಇದು ಕ್ರಾಸ್ ಕಂಟ್ರಿ. ಹಗುರ. ಹತ್ತೋದಂದ್ರೆ ಇಷ್ಟ ಇರೋರಿಗೆ. ಇದು ಟ್ರೇಲ್, ಸ್ವಲ್ಪ ಹತ್ತಿ ಸ್ವಲ್ಪ ಇಳಿದು ಖುಷಿಯಾಗಿ ಮನೆಗೆ ಹೋಗೋರಿಗೆ. ಇದು ಎಂಡ್ಯೂರೋ. ತಾಳ್ಮೆಯಿಂದ ಹತ್ತಿ ಜೋರಾಗಿ ಇಳಿಯೋರಿಗೆ. ಮೂಲೇಲಿರೋದು ಡೌನ್‌ಹಿಲ್. ಅದು ಇಳಿಯೋಕೆ ಮಾತ್ರ. ಅದನ್ನ ನಾನು ಯಾರಿಗೂ ಕೊಡಲ್ಲ."

ರಾಯರ ಕಣ್ಣು ಮೂಲೆಗೆ ಹೋಯಿತು. ಹೋದದ್ದು ವಾಪಸು ಬರಲಿಲ್ಲ. ಮುಂದೆ ತೊಡೆಗಾತ್ರದ ಎರಡು ಶಾಕ್ ಅಬ್ಸಾರ್ಬರು, ಹಿಂದೆ ಸುರುಳಿ ಸ್ಪ್ರಿಂಗು, ಬಾಗಿಲಿಗಿಂತ ಅಗಲವಾದ ಹ್ಯಾಂಡಲ್ಲು, ಗುಬುಟು ಗುಬುಟಾದ ಟಯರು. ಅಷ್ಟು ಸುಂದರವಾದ ವಸ್ತುವನ್ನು ರಾಯರು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಆದರೂ ಆಸೆಯನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. "ನೀವೇ ಹೇಳಿ, ನನಗೆ ಯಾವುದು ಸರಿ?" ಎಂದರು.

ಅಕ್ಕ ಒಂದು ಹಾಳೆ ಕೊಟ್ಟಳು. "ಇದನ್ನ ತುಂಬಿಸಿ. ಸವಾರಿ ಹೇಗೆ ಅಂತ ಗೊತ್ತಾಗದೆ ನಾನು ಏನೂ ಹೇಳಲ್ಲ."

ಅರ್ಜಿ! ರಾಯರಿಗೆ ತವರಿಗೆ ಬಂದಂತಾಯಿತು. ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಸ್ವಂತ ಪೆನ್ನು ತೆಗೆದು ಶುರುಮಾಡಿದರು. ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ರಾಯರು ಆ ಹಾಳೆಯಲ್ಲಿ ಒಂದಕ್ಷರವೂ ಸುಳ್ಳು ಬರೆಯಲಿಲ್ಲ. ಖಾಲಿ ಬಿಡಲಿಲ್ಲ, ಅಷ್ಟೆ.

ಇಳಿಜಾರಿನಲ್ಲಿ ಎಷ್ಟು ದಿನದ ಅನುಭವ ಎಂಬಲ್ಲಿ "ಇಪ್ಪತ್ತೆರಡು ವರ್ಷ, ಪ್ರತಿದಿನ" ಎಂದು ಬರೆದರು. ನಿಜವೇ. ಮನೆ ಇದ್ದದ್ದು ಗುಡ್ಡದ ಎಂಟನೇ ತಿರುವಿನಲ್ಲಿ, ಕಚೇರಿ ಬುಡದಲ್ಲಿ. ಬೆಳಗ್ಗೆ ನೀರಿನ ಪೈಪಿನ ಪಕ್ಕದ ಕಾಲುದಾರಿಯಲ್ಲಿ ನಡೆದು ಇಳಿಯುತ್ತಿದ್ದರು. ದಾರಿ ಎಂಥದ್ದು, ಕಲ್ಲು, ಬೇರು, ಮೆಟ್ಟಿಲು, ಕೆಸರು? ಪೈಪಿನ ದಾರಿಯಲ್ಲಿ ಎಲ್ಲವೂ ಇದ್ದವು, ನಾಲ್ಕಕ್ಕೂ ಗುರುತು ಬಿತ್ತು. ಒಂದೇ ಸಲಕ್ಕೆ ಎಷ್ಟು ಎತ್ತರದಿಂದ ಕೆಳಗೆ ಬಂದಿದ್ದೀರಿ? ರಾಯರು ಪೆನ್ನು ಕಚ್ಚಿಕೊಂಡು ಯೋಚಿಸಿದರು. ಯೋಚಿಸಿದರೆ ಏನಾದರೂ ಇದ್ದೇ ಇರುತ್ತದಲ್ಲ? ದಾಖಲೆ ಕೋಣೆಯ ಏಣಿ ನೆನಪಾಯಿತು. "ಒಂಬತ್ತು ಅಡಿ." ಆಗ ಏಟಾಯಿತೇ? "ಕೊರಳೆಲುಬು ಮುರಿಯಿತು. ಅಂದಿನ ಕೆಲಸ ಮುಗಿಸಿಯೇ ಆಸ್ಪತ್ರೆಗೆ ಹೋದೆ." ಗುಡ್ಡ ಹತ್ತುವುದು ಹೇಗೆ? "ವಾಹನದಲ್ಲಿ."

ಅಕ್ಕ ಓದುತ್ತ ಓದುತ್ತ ಸ್ಪ್ಯಾನರು ಕೆಳಗಿಟ್ಟಳು. ಆಮೇಲೆ ಕೈ ಒರೆಸಿಕೊಂಡಳು. ರಾಯರ ಬೋಳುತಲೆಯಿಂದ ಚಪ್ಪಲಿಯವರೆಗೆ ಒಮ್ಮೆ ನೋಡಿದಳು.

"ಒಂಬತ್ತು ಅಡೀನಾ?"

"ಹತ್ತಿರ ಹತ್ತಿರ ಒಂಬತ್ತೂಕಾಲು. ಕಾಲು ಬರೆಯೋಕೆ ಜಾಗ ಇರಲಿಲ್ಲ."

"ಮೂಳೆ ಮುರಿದ್ಮೇಲೂ ಕೆಲಸ ಮುಗಿಸಿದ್ರಾ?"

"ಹದಿನಾಲ್ಕು ಬಾಕಿ ಇದ್ವು. ಬಿಟ್ಟು ಹೋಗೋಕಾಗುತ್ತಾ?"

"ಮೇಲೆ ಹೋಗೋಕೆ ಗಾಡಿ ಬರುತ್ತಾ?"

"ಐದೂ ಮುಕ್ಕಾಲಿಗೆ ಸರಿಯಾಗಿ ಬರುತ್ತೆ. ಒಂದು ದಿನಾನೂ ತಪ್ಪಿಲ್ಲ."

ಗಾಡಿಯಲ್ಲಿ ಮೇಲೆ ಹೋಗಿ ಪ್ರಾಣ ಕೈಯಲ್ಲಿ ಹಿಡಿದು ಇಳಿಯುವ ಸವಾರರನ್ನು ಅಕ್ಕ ಪುಸ್ತಕದಲ್ಲಿ ಓದಿದ್ದಳು, ಪರದೆಯ ಮೇಲೆ ನೋಡಿದ್ದಳು. ಅಂಥವರೊಬ್ಬರು ಇಪ್ಪತ್ತೆರಡು ವರ್ಷ ಸದ್ದಿಲ್ಲದೆ, ಇಸ್ತ್ರಿ ಷರಟು ಹಾಕಿಕೊಂಡು, ತನ್ನ ಊರಿನಲ್ಲೇ ಇದ್ದರೆಂದು ಆಕೆಗೆ ಗೊತ್ತಿರಲಿಲ್ಲ. ಆಕೆ ಮೂಲೆಗೆ ಹೋಗಿ ಆ ದೈತ್ಯನನ್ನು ಎರಡೂ ಕೈಯಿಂದ ಹೊರಗೆಳೆದು ತಂದಳು. "ತಗೊಳ್ಳಿ ಸರ್. ಇದು ನಾಲ್ಕು ವರ್ಷದಿಂದ ನಿಮಗೇ ಕಾಯ್ತಿತ್ತು," ಎಂದಳು. ಮುಖ ಮುಚ್ಚುವ ಹೆಲ್ಮೆಟ್ಟು, ಮಂಡಿಗೆ ಮೊಣಕೈಗೆ ಕವಚ, ಎಲ್ಲವನ್ನೂ ತಾನೇ ಆರಿಸಿ ಕೊಟ್ಟಳು.

ರಾಯರು ಬೇಡ ಅನ್ನಬಹುದಿತ್ತು. ಆದರೆ ಸಹಿ ಮಾಡಿದ ಅರ್ಜಿಯನ್ನು ಹಿಂದಕ್ಕೆ ಪಡೆಯುವುದು ಅವರ ದೃಷ್ಟಿಯಲ್ಲಿ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಅವರಿಗೆ ಆ ಸೈಕಲ್ಲಿನ ಮೇಲೆ ಮನಸ್ಸಾಗಿತ್ತು.

ಮಾವನವರು ಬಂದು ಮುಂಬಾಗಿಲಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತ ಮರುದಿನವೇ ಮೊದಲ ಇಳಿತ. ಮಾವನಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೆ ಕಾಣುವವರು ಸುತ್ತ ಬೇಕಾದಷ್ಟು ಜನ ಇದ್ದರು. ಎದುರುಮನೆಯ ಕಿಟಕಿಯನ್ನು ಬಿಟ್ಟು ಏಳದ ಕಿಟಕಿ ಅಜ್ಜಿ, ಪಕ್ಕದ ಟೈಲರ್, ಇಬ್ಬರೂ ತಂತಮ್ಮ ಕೆಲಸ ಬಿಟ್ಟು ಹೊರಗೆ ಬಂದಿದ್ದರು.

ರಾಯರು ಕವಚಗಳನ್ನು ಕಟ್ಟಿಕೊಂಡು, ಹೆಲ್ಮೆಟ್ಟು ಧರಿಸಿ, ಊಟದ ಡಬ್ಬಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಸೈಕಲ್ ಏರಿದರು. ಏರಿದವರೇ ಎರಡೂ ಬ್ರೇಕು ಹಿಡಿದರು. ಹಿಡಿದದ್ದನ್ನು ಕಚೇರಿಯ ಗೇಟು ಬರುವವರೆಗೆ ಬಿಡಲಿಲ್ಲ.

ಒಳ್ಳೆಯ ಬ್ರೇಕನ್ನು ಎಂಟು ತಿರುವಿನ ಉದ್ದಕ್ಕೂ ಹಿಡಿದರೆ ಅದು ಯಾವ ಸದ್ದು ಮಾಡುತ್ತದೆ ಎಂಬುದನ್ನು ಕೇಳಿದವರೇ ಬಲ್ಲರು. ಗುಡ್ಡದ ಕಿಟಕಿಗಳೆಲ್ಲ ತೆರೆದುಕೊಂಡವು. ನಾಯಿಗಳು ಓಡಿಹೋದವು.

"ಏನದು ಸದ್ದು?" ಎಂದರು ಮಾವ, ಕುರ್ಚಿಯಲ್ಲಿ ನೆಟ್ಟಗಾಗಿ.

"ನಿಮ್ಮ ಅಳಿಯ ಇಳೀತಿದಾರೆ!" ಎಂದಳು ಕಿಟಕಿ ಅಜ್ಜಿ. "ಅಯ್ಯಯ್ಯೋ, ಆ ವೇಗಕ್ಕೆ ಚಕ್ರದಿಂದ ಹೊಗೆ ಬರ್ತಿದೆ ಕಣಪ್ಪ!"

ಹೊಗೆ ಬಂದದ್ದು ನಿಜ. ವೇಗ ಅಷ್ಟಿರಲಿಲ್ಲ. ಬಸ್ಸು ಅವರನ್ನು ಒಮ್ಮೆ ಹಿಂದೆ ಹಾಕಿ ಬುಡ ಮುಟ್ಟಿ, ಜನರನ್ನು ಇಳಿಸಿ ಹತ್ತಿಸಿ, ಮೇಲೆ ಬರುವಾಗ ಎದುರಿಗೆ ಇನ್ನೊಮ್ಮೆ ಸಿಕ್ಕಿತು. ಹೆಲ್ಮೆಟ್ಟಿನ ಒಳಗೆ ರಾಯರು ಒಂದು ಕಣ್ಣು ಮುಚ್ಚಿದ್ದರು. ಹೊರಗಿನವರಿಗೆ ಕಂಡದ್ದು ಗವಿಯೊಳಗಿನಂಥ ಕಪ್ಪು ಮುಖ, ಅಗಲಿಸಿದ ಮೊಣಕೈ, ಕಿವಿ ಕೊರೆಯುವ ಚೀತ್ಕಾರ. ಟೈಲರ್ ಆ ದಿನ ಯಾರದ್ದೋ ಷರಟಿಗೆ ಮೂರು ತೋಳು ಹೊಲಿದ ಎಂದು ಆಮೇಲೆ ತಿಳಿಯಿತು.

ಕಷ್ಟ ಶುರುವಾದದ್ದು ಸಂಜೆ. ಬಸ್ಸಿನ ಕಂಡಕ್ಟರು ಹ್ಯಾಂಡಲ್ಲಿನ ಅಗಲ ನೋಡಿ "ಸ್ವಾಮಿ, ಇದನ್ನ ಹತ್ತಿಸಿದ್ರೆ ಎಂಟು ಜನ ಇಳೀಬೇಕಾಗುತ್ತೆ" ಎಂದ. ರಾಯರು ತುಳಿದು ನೋಡಿದರು. ಇಳಿಯಲಿಕ್ಕೆಂದೇ ಹುಟ್ಟಿದ ಸೈಕಲ್ಲು, ತುಳಿದ ಬಲವನ್ನೆಲ್ಲ ಸ್ಪ್ರಿಂಗಿನಲ್ಲಿ ನುಂಗಿ ಮೇಲೆ ಕೆಳಗೆ ತೂಗಿತೇ ಹೊರತು ಮುಂದಕ್ಕೆ ಒಂದು ಮಾರೂ ಹೋಗಲಿಲ್ಲ. ಉಳಿದದ್ದು ಒಂದೇ ದಾರಿ. ತಳ್ಳಿಕೊಂಡು ಹೊರಟರು. ತಳ್ಳಿದಾಗೆಲ್ಲ ಹಿಂದಿನ ಚಕ್ರ ಟಿಕ್‌ಟಿಕ್‌ಟಿಕ್ ಎನ್ನುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಒಂದು ಗಂಟೆ ನಲವತ್ತು ನಿಮಿಷ.

"ಯಾಕ್ ರಾಯರೇ, ಪಂಚರ್ರಾ?" ಎಂದು ದಾರಿಯಲ್ಲಿ ಟೈಲರ್ ಕೇಳಿದ.

ರಾಯರಿಗೆ ಏದುಸಿರು ಬರುತ್ತಿತ್ತು. ಹೆಚ್ಚು ಮಾತಿಗೆ ಬಲವಿರಲಿಲ್ಲ. "ಇದು ಇಳಿಯೋ ಬಗೇದು. ಹತ್ತೋವಾಗ ಕೂರೋ ಹಾಗಿಲ್ಲ."

ಅರ್ಧ ಗಂಟೆಯಲ್ಲಿ ಸುದ್ದಿ ಗುಡ್ಡವೆಲ್ಲ ಹರಡಿತು. ಕೂರುವುದಕ್ಕೆ ಸೀಟಿದ್ದರೂ ಕೂರದೆ ನಡೆಯುವ ಮನುಷ್ಯ! ಎಂಥ ಶಿಸ್ತು! ನಿಜವಾದ ಸವಾರರು ಹೀಗೇ ಇರುತ್ತಾರಂತೆ, ತುಳಿದುಕೊಂಡು ಹತ್ತುವವರೆಲ್ಲ ಕಚ್ಚಾ ಆಸಾಮಿಗಳಂತೆ. ಮರುದಿನ ಆರನೇ ತಿರುವಿನಲ್ಲಿ ಹಗುರವಾದ ಸೈಕಲ್ಲು ತುಳಿದು ಬರುತ್ತಿದ್ದ ಒಬ್ಬ ಯುವಕ ರಾಯರನ್ನು ಕಂಡು ನಾಚಿ, ಇಳಿದು ತಳ್ಳತೊಡಗಿದ.

ನಾಲ್ಕನೆಯ ಸಂಜೆ ಕಿಟಕಿ ಅಜ್ಜಿ ಬೆಳಗ್ಗೆಯೇ ಹೇಳಿಟ್ಟಿದ್ದ ಈರುಳ್ಳಿಯ ಚೀಲ ಹ್ಯಾಂಡಲ್ಲಿನ ಎಡಕ್ಕೆ ನೇತಾಡಿತು. ಐದನೆಯ ಸಂಜೆ ಬಲಕ್ಕೆ ಟೈಲರನ ಬಟ್ಟೆಯ ಗಂಟು. ವಾರ ತುಂಬುವಷ್ಟರಲ್ಲಿ ಎರಡನೇ ತಿರುವಿನವರ ಹಿಟ್ಟು, ಐದನೆಯವರ ಔಷಧಿ, ಏಳನೆಯವರ ಹೊಲಿಗೆಯಂತ್ರದ ಕಾಲು ಎಲ್ಲ ಸೇರಿದವು. ಅಷ್ಟು ಅಗಲದ ಹ್ಯಾಂಡಲ್ಲು ಬೇರೆ ಯಾವ ಬಗೆಯ ಸೈಕಲ್ಲಿಗೂ ಇರಲಿಲ್ಲ ನೋಡಿ! ಅದರಲ್ಲಿ ಒಂದು ಜಾಗ ಖಾಲಿ ಕಂಡರೆ ರಾಯರೇ "ಇನ್ನೇನಾದ್ರೂ ಇದೆಯಾ?" ಎಂದು ಕೇಳುತ್ತಿದ್ದರು. ಅವರ ಕಾಲು ಮರದ ಕೊರಡಿನಂತಾಗುತ್ತಿತ್ತು, ಅದು ಅವರ ಗಮನಕ್ಕೇ ಬರಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ಒಂದೇ ಭಯ. ಮಾವನಿಗೆ ಕಣ್ಣು ಬಂದು, ಈ ಇಳಿತ ಎಂಥದ್ದು ಎಂದು ಕಂಡುಬಿಟ್ಟರೆ?

ಮಾವ ಏನೂ ಹೇಳುತ್ತಿರಲಿಲ್ಲ. ಬೆಳಗ್ಗೆ ಸಂಜೆ ಕಟ್ಟೆಯ ಮೇಲೆ ಕೂತು ಕಿವಿಗೊಡುತ್ತಿದ್ದರು.

ಮೂರನೆಯ ವಾರ ದೊಡ್ಡ ಸಾಹೇಬರು, ಅಂದರೆ ಕಚೇರಿಯ ಮುಖ್ಯಸ್ಥರು, ರಾಯರನ್ನು ಒಳಗೆ ಕರೆದರು. ಆ ಭಾನುವಾರ ಗುಡ್ಡದ ನೆತ್ತಿಯ ನೀರಿನ ಟ್ಯಾಂಕಿನಿಂದ ಬುಡದ ಮೈದಾನದವರೆಗೆ, ಪೈಪಿನ ದಾರಿಯಲ್ಲೇ, ಸೈಕಲ್ ಸ್ಪರ್ಧೆ. ಹೊರಗಿನಿಂದ ನಾಲ್ವರು ಹೆಸರಾಂತ ಸವಾರರು ಬರುತ್ತಿದ್ದರು. "ಕಚೇರಿಯ ಮಾನ ನಿಮ್ಮ ಕೈಲಿದೆ ರಾಯರೇ. ನಿಮ್ಮ ಅರ್ಜಿ ನಾನೇ ತುಂಬಿಸಿದೀನಿ!"

ರಾಯರಿಗೆ ನೆಲ ಕುಸಿದಂತಾಯಿತು. ಪೈಪಿನ ದಾರಿ! ಕಾಲಲ್ಲಿ ಇಳಿಯುವಾಗಲೇ ಎರಡು ಕಡೆ ಕೂತು ಜಾರಬೇಕು. ಆದರೆ ದೇವರು ದೊಡ್ಡವನು. ಸ್ಪರ್ಧೆಯ ಅರ್ಜಿಗಳೂ ಪರಿಶೀಲನೆಗೆ ಅವರ ಮೇಜಿಗೇ ಬಂದವು. ತಮ್ಮ ಹೆಸರಿನ ಅರ್ಜಿಯಲ್ಲಿ "ರಕ್ತದ ಗುಂಪು" ಎಂಬ ಕಾಲಂ ಖಾಲಿ ಇತ್ತು! ರಾಯರು ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಕೆಂಪು ಶಾಯಿ ಬಳಸಿರಲಿಲ್ಲ. "ಅಪೂರ್ಣ. ತಿರಸ್ಕರಿಸಲಾಗಿದೆ."

ಹತ್ತು ನಿಮಿಷದಲ್ಲಿ ದೊಡ್ಡ ಸಾಹೇಬರು ಅದನ್ನು ಎತ್ತಿ ಹಿಡಿದುಕೊಂಡು ಕಚೇರಿಯ ನಡುಮಧ್ಯ ಬಂದು ನಿಂತರು. "ನೋಡ್ರಪ್ಪ, ಎಲ್ಲರೂ ನೋಡಿ! ತಮ್ಮ ಅರ್ಜೀನ ತಾವೇ ತಿರಸ್ಕಾರ ಮಾಡಿದಾರೆ! ಇಂಥ ಮನುಷ್ಯ ಇನ್ನೆಲ್ಲಿ ಸಿಗ್ತಾರೆ?" ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಅಲ್ಲೇ ರಕ್ತದ ಗುಂಪು ಕೇಳಿ, ತಮ್ಮ ಕೈಯಾರೆ ಬರೆದು, ಮುದ್ರೆ ಒತ್ತಿದರು. ಇನ್ನು ಆ ಅರ್ಜಿಯಲ್ಲಿ ಕೊರತೆ ಹುಡುಕಲು ಯಾರಿಂದಲೂ ಸಾಧ್ಯವಿರಲಿಲ್ಲ.

ಶುಕ್ರವಾರ ಮಾವನವರ ಒಂದು ಕಣ್ಣಿನ ಆಪರೇಷನ್ ಆಯಿತು. ಶನಿವಾರ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದ ಮಾಸ್ತರರು ಮೊದಲು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದರು. ಬ್ರೇಕನ್ನು ಬೆರಳಿಂದ ತಡವಿದರು. ಆಮೇಲೆ ಮಗಳಿಗೆ ಹೇಳಿದರು: "ನಾಳೆ ನನ್ನನ್ನ ಮೈದಾನಕ್ಕೆ ಕರ್ಕೊಂಡು ಹೋಗು. ಕುರ್ಚಿ ಓಡಿಸೋದು ನೋಡ್ಬೇಕು."

ಭಾನುವಾರ ಬೆಳಗ್ಗೆ ಎಂಟಕ್ಕೆ ಐವರು ಸವಾರರೂ ಮೈದಾನದಲ್ಲಿ ಎದೆಗೆ ನಂಬರು ಕಟ್ಟಿಸಿಕೊಂಡರು. ಅವರನ್ನೂ ಸೈಕಲ್ಲುಗಳನ್ನೂ ಟ್ಯಾಂಕಿನವರೆಗೆ ಒಯ್ಯಲು ನಗರಸಭೆಯ ಟ್ರಾಕ್ಟರು ಬರಬೇಕಿತ್ತು. ನಾಲ್ವರು ಹೆಸರಾಂತರೂ ಅದಕ್ಕಾಗಿ ಕಾಯುತ್ತ ನಿಂತರು. ರಾಯರಿಗೆ ಟ್ರಾಕ್ಟರಿನ ವಿಚಾರವೇ ತಲೆಗೆ ಬರಲಿಲ್ಲ. ಬುಡದಲ್ಲಿ ನಿಂತು ಕೈಯಲ್ಲಿ ಸೈಕಲ್ಲಿದ್ದರೆ ಮಾಡುವುದು ಒಂದೇ ಕೆಲಸ. ಹೆದರಿಕೆಯಿಂದ ನಡುಗುತ್ತ, ಅಭ್ಯಾಸದಿಂದ ತಳ್ಳಿಕೊಂಡು ಹೊರಟರು. ಟಿಕ್‌ಟಿಕ್‌ಟಿಕ್.

ಟ್ರಾಕ್ಟರು ಬಂತು, ನಾಲ್ವರನ್ನೂ ಹತ್ತಿಸಿಕೊಂಡು ಹೊರಟಿತು, ಮೂರನೇ ತಿರುವಿನಲ್ಲಿ ಕೆಮ್ಮಿ ನಿಂತುಬಿಟ್ಟಿತು. ಸವಾರರು ಇಳಿದು ತಳ್ಳತೊಡಗಿದರು. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಜೀವಮಾನವೆಲ್ಲ ಇಳಿದವರು, ಹತ್ತಿದ್ದೆಲ್ಲ ಗಾಡಿಯಲ್ಲಿ. ಏಳನೇ ತಿರುವಿನಲ್ಲಿ ಇಬ್ಬರಿಗೆ ಕಾಲು ಸೆಡೆತುಕೊಂಡಿತು. ನಾಲ್ವರೂ ಮರದ ನೆರಳಿನಲ್ಲಿ ಮಲಗಿಬಿಟ್ಟರು.

ಹತ್ತೂಕಾಲಿಗೆ ರಾಯರು ಟ್ಯಾಂಕಿನ ಬಳಿ ಒಬ್ಬರೇ ನಿಂತಿದ್ದರು. ಬಾವುಟ ಹಿಡಿದವರು ಗಡಿಯಾರ ನೋಡಿ ಅವರ ಕೈ ಕುಲುಕಿದರು.

"ಅದೃಷ್ಟ ಅಂದ್ರೆ ನಿಮ್ದು. ಹತ್ತೂವರೆಗೆ ಬಾವುಟ ಬೀಳುತ್ತೆ, ಬರದೇ ಇದ್ದೋರು ಔಟು. ನೀವು ನಿಧಾನಕ್ಕೆ ಇಳಿದು ಮುಟ್ಟಿದ್ರೆ ಸಾಕು, ಕಪ್ ನಿಮ್ದೇ. ಇಲ್ಲೊಂದು ಸಹಿ ಹಾಕಿ."

ರಾಯರ ಎದೆ ಉಬ್ಬಿತು. ಕಪ್! ಮಾವನ ಕಣ್ಣೆದುರು! ಎಷ್ಟು ಹೊತ್ತಿಗೆ ಇಳಿದರೂ ಮೊದಲನೆಯವರು ಅವರೇ. ಇನ್ನು ಆ ಬಾಯಿಂದ ಕುರ್ಚಿ ಎಂಬ ಪದ ಹೊರಡುವುದು ಹೇಗೆ? ಪೆನ್ನು ತೆಗೆದು ಹಾಳೆಗೆ ಬಗ್ಗಿದರು. ಹಾಜರಿ ಪಟ್ಟಿ. ಐದು ಹೆಸರು. ಸಹಿಯ ಕಾಲಂನಲ್ಲಿ ನಾಲ್ಕು ಖಾಲಿ.

ಅವರು ಬೇರೆ ಕಡೆ ನೋಡಿದರು. ಆಕಾಶ ನೋಡಿದರು. ಮತ್ತೆ ಹಾಳೆ ನೋಡಿದರು. ಕೈ ಕಡಿಯತೊಡಗಿತು.

"ಇದು ಅಪೂರ್ಣ," ಎಂದರು.

"ಏನು?"

"ಪಟ್ಟಿ. ನಾಲ್ಕು ಕಾಲಂ ಖಾಲಿ ಇದೆ. ಹೀಗೆ ಶುರು ಮಾಡೋಕಾಗಲ್ಲ ಸರ್. ಹನ್ನೆರಡು ಗಂಟೆವರೆಗೆ ಸಮಯ ಕೊಡಿ. ನಾನು ಹೋಗಿ ತುಂಬಿಸಿಕೊಂಡು ಬರ್ತೀನಿ."

ಬಾವುಟದವರು ಬಾಯಿ ಮುಚ್ಚುವ ಮೊದಲೇ ರಾಯರು ಸೈಕಲ್ಲನ್ನು ಟ್ಯಾಂಕಿಗೆ ಒರಗಿಸಿ, ಕವಚಗಳ ಸಮೇತ ದಡಬಡ ಇಳಿದು ಏಳನೇ ತಿರುವಿಗೆ ಹೋಗಿದ್ದರು. ಮಲಗಿದ್ದ ನಾಲ್ವರಿಗೂ ತಮ್ಮ ಬಾಟಲಿಯ ನೀರು ಕೊಟ್ಟರು. ಗಟ್ಟಿಯಿದ್ದ ಇಬ್ಬರನ್ನು ಬೈದು ಎಬ್ಬಿಸಿ ತಳ್ಳಲು ಹಚ್ಚಿದರು. ಕಾಲು ಸೆಡೆತವರಲ್ಲಿ ಒಬ್ಬನ ಸೈಕಲ್ಲನ್ನು ತಾವೇ ಮೇಲಕ್ಕೆ ಮುಟ್ಟಿಸಿ ಬಂದರು. ಮತ್ತೆ ಇಳಿದು ಎರಡನೆಯವನ ಸೈಕಲ್ಲಿಗೆ ಕೈಹಾಕಿದರು. ಅವನು ಕುಂಟುತ್ತ ಪಕ್ಕದಲ್ಲೇ ಬಂದ.

"ಸರ್, ನಾವು ನಿಮ್ಮ ಎದುರಾಳಿಗಳು ಅಲ್ವಾ?" ಎಂದು ಕೇಳಿದ.

"ಇರಬಹುದು. ಸಹಿ ಮಾತ್ರ ನೀವೇ ಹಾಕ್ಬೇಕು."

ಕೆಳಗೆ ಮೈದಾನದಲ್ಲಿ ಜನ ಗುಡ್ಡದ ರಸ್ತೆಯ ಮೇಲೆ ಹತ್ತಿ ಇಳಿದು ಮಾಡುತ್ತಿದ್ದ ಚುಕ್ಕೆಯೊಂದನ್ನು ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಮಾವನವರು ಕಪ್ಪು ಕನ್ನಡಕದೊಳಗಿನಿಂದ ಹೊಸ ಕಣ್ಣಿನಲ್ಲಿ ಅದನ್ನೇ ನೋಡುತ್ತ ಎಣಿಸುತ್ತಿದ್ದರು. "ಒಂದು... ಎರಡು..." ಸ್ವಲ್ಪ ಹೊತ್ತು ಬಿಟ್ಟು, "ಮೂರು." ಸೀಟಿ ಅವರ ಬಾಯಲ್ಲಿತ್ತು, ಊದಲು ಮರೆತಿದ್ದರು.

ಪಟ್ಟಿಯ ಐದೂ ಸಹಿ ತುಂಬಿ, ಹನ್ನೆರಡಕ್ಕೆ ಬಾವುಟ ಬಿತ್ತು. ನಾಲ್ವರು ಹೆಸರಾಂತರೂ ಹಾರಿದರು. ಹಾರಿದರು ಎಂದರೆ ಉತ್ಪ್ರೇಕ್ಷೆಯಲ್ಲ, ಕಲ್ಲಿನಿಂದ ಕಲ್ಲಿಗೆ, ಮೆಟ್ಟಿಲಿನಿಂದ ಗಾಳಿಗೆ, ಗಾಳಿಯಿಂದ ಧೂಳಿಗೆ. ರಾಯರು ತಾವೂ ಸ್ಪರ್ಧಿ ಎಂಬುದನ್ನು ಮರೆತು "ಭಲೇ!" ಎಂದು ಕೂಗಿದರು. ಆಮೇಲೆ ನೆನಪಾಗಿ, ಎರಡೂ ಬ್ರೇಕು ಹಿಡಿದು ಹೊರಟರು.

ಅವರು ಮೈದಾನ ಮುಟ್ಟಿದಾಗ ಬಹುಮಾನ ಹಂಚಿ ಮುಗಿದಿತ್ತು. ದೊಡ್ಡ ಸಾಹೇಬರು ಮನೆಗೆ ಹೋಗಿಯಾಗಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಉಳಿದಿದ್ದವರು ಗುಡ್ಡದ ನೆರೆಹೊರೆಯವರು, ರಾಯರ ಹೆಂಡತಿ, ಸೈಕಲ್ ಅಕ್ಕ, ಮತ್ತು ಪೇರಿಸುವವರಿಗೆ ಜಗ್ಗದೆ ಕೊನೆಯ ಕುರ್ಚಿಯಲ್ಲಿ ಕೂತಿದ್ದ ಮಾವ.

ಅಕ್ಕನ ಕೈಯಲ್ಲಿ ಹಳೆಯ ಹಾಳೆ ಇತ್ತು. "ಸರ್, ಐದೂ ಮುಕ್ಕಾಲರ ಗಾಡಿ ಅಂದ್ರೆ... ಬಸ್ಸಾ?"

"ಬಸ್ಸು."

"ಒಂಬತ್ತು ಅಡಿ?"

"ಏಣಿ."

ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ನಗು ತಡೆಯಲಾರದೆ ಸೈಕಲ್ಲನ್ನೇ ಹಿಡಿದು ನಿಂತಳು. "ನಾಳೆ ಬನ್ನಿ, ಬದಲಾಯಿಸಿ ಕೊಡ್ತೀನಿ. ನಿಮಗೆ ಬೇಕಾಗಿದ್ದು ಟ್ರೇಲ್. ಹಗುರ ಇದೆ, ಕೂತ್ಕೊಂಡೇ ಹತ್ತಬಹುದು."

ರಾಯರು ಅಗಲವಾದ ಹ್ಯಾಂಡಲ್ಲನ್ನು ನೋಡಿದರು. "ಅದರ ಹ್ಯಾಂಡಲ್ಲಿಗೆ ಎಷ್ಟು ಚೀಲ ಹಿಡಿಯುತ್ತೆ?"

"ಎರಡು. ಬಿಗಿದು ಕಟ್ಟಿದ್ರೆ ಮೂರು."

"ನನಗೆ ಐದು ಮನೆ ಇದೆ," ಎಂದರು ರಾಯರು. ಕಿಟಕಿ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ರಾಯರು ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮಾವನ ಎದುರು ಹೋಗಿ ನಿಂತರು. "ಮಾವ, ನನಗೆ ಇಳಿಯೋಕೆ ಬರಲ್ಲ."

"ಗೊತ್ತು," ಎಂದರು ಮಾಸ್ತರರು. "ಮೊದಲನೇ ದಿನಾನೇ ಗೊತ್ತಾಯ್ತು. ಕಣ್ಣಿಗೆ ಪೊರೆ ಬಂದಿತ್ತು, ಕಿವಿಗೆ ಬಂದಿತ್ತಾ? ಮನೆಯಿಂದ ಬುಡದವರೆಗೂ ಬ್ರೇಕ್ ಬಿಟ್ಟಿದ್ದು ಒಂದು ಕ್ಷಣಾನೂ ಇಲ್ಲ. ಇವರೆಲ್ಲ ಬಾಯಿಬಡ್ಕೋತಿದ್ರು, ನಾನು ಒಳಗೊಳಗೇ ನಗ್ತಿದ್ದೆ."

ರಾಯರು ತಲೆ ತಗ್ಗಿಸಿದರು.

"ಸಂಜೆ ಆ ಟಿಕ್‌ಟಿಕ್ ಕೇಳಿಸ್ತಿತ್ತು. ಅದು ಎಷ್ಟು ಸಲ ನಿಲ್ಲುತ್ತೆ ಅಂತ ಎಣಿಸ್ತಿದ್ದೆ. ಮೊದಲನೇ ದಿನ ಆರನೇ ತಿರುವಿಂದ ನಮ್ಮ ಮನೆಗೆ ಬರೋದರಲ್ಲಿ ಹದಿನೇಳು ಸಲ. ಎರಡನೇ ವಾರ ನಾಲ್ಕು. ಮೊನ್ನೆ ಗುರುವಾರ ಅಷ್ಟೊಂದು ಹೊರೆ ಹೊತ್ಕೊಂಡು ಒಂದು ಸಲಾನೂ ನಿಲ್ಲಲಿಲ್ಲ." ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ಮೂವತ್ತೈದು ವರ್ಷ ಹುಡುಗರನ್ನ ಓಡಿಸಿದೀನಿ. ಗೆಲ್ಲೋರನ್ನ ಬೇಕಾದಷ್ಟು ನೋಡಿದೀನಿ. ಮೇಲೆ ನಡೆದದ್ದನ್ನ ಆ ನಾಲ್ವರೂ ಬಂದು ಹೇಳಿದ್ರು. ಗೆಲುವು ಕೈಲಿದ್ದಾಗ ಸೋತೋರನ್ನ ಕರ್ಕೊಂಡು ಬರೋ ಬಗೇದು ಇವತ್ತೇ ನೋಡಿದ್ದು."

ಅವರು ಎದ್ದು ನಿಂತರು. ಬೆನ್ನು ನೆಟ್ಟಗೆ ಮಾಡಿದರು. ತಾವು ಕೂತಿದ್ದ ಕುರ್ಚಿಯ ಧೂಳನ್ನು ಟವಲಿನಿಂದ ಒರೆಸಿ, ರಾಯರ ಕಡೆಗೆ ಸರಿಸಿದರು.

"ಬನ್ನಿ ಅಳಿಯಂದಿರೇ. ಕೂತ್ಕೊಳ್ಳಿ."

ಹದಿನೆಂಟು ವರ್ಷ ಕಾದ ಮಾತು. ರಾಯರಿಗೆ ಕೂರಬೇಕೆಂದು ಬಹಳ ಆಸೆಯಿತ್ತು. ಎರಡು ಸಲ ಪ್ರಯತ್ನವನ್ನೂ ಮಾಡಿದರು. ಆದರೆ ಮಂಡಿಯ ಕವಚಕ್ಕೆ ಧೂಳು ಸೇರಿ ಬಿಗಿದುಕೊಂಡಿತ್ತು, ಕಾಲು ಮಡಚಲು ಬರಲಿಲ್ಲ. "ನೀವೇ ಕೂತ್ಕೊಳ್ಳಿ ಮಾವ," ಎಂದರು. "ನೀವು ನಿಂತಿರೋವಾಗ ನಾನಾ?" ಎಂದರು ಮಾವ. ಹೀಗೆ ಇಬ್ಬರೂ ಬಹಳ ಹೊತ್ತು ಅಕ್ಕಪಕ್ಕದಲ್ಲಿ ನಿಂತೇ ಇದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಕಾಲಂ ರಾಯರು ಕಣ್ಣೆದುರಿಗಿನ ಜಾಗವೊಂದನ್ನು ಖಾಲಿ ಬಿಟ್ಟರು.